ಟಾಪ್ ಕತ್ತರಿಸಿದರೆ ಬಾಗಿಲು ಯಾಕೆ ಕೂರೋದಿಲ್ಲ?

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಕಡೆ ಮದುವೆ ಮೆರವಣಿಗೆಗೆ ಬಾಡಿಗೆಗೆ ಬರುವ ತೆರೆದ ಕಾರುಗಳನ್ನು ನೀವು ನೋಡಿರಬಹುದು. ಹಳೆಯ ಕಾರಿನ ಟಾಪ್ ಕತ್ತರಿಸಿ, ಬಿಳಿ ಪೇಂಟ್ ಹೊಡೆದು, ಹಿಂದೆ ಸಿಂಹಾಸನದಂಥ ಸೀಟು ಕೂರಿಸಿ, ಸುತ್ತಲೂ ಎಲ್‌ಇಡಿ ಸರ ಬಿಟ್ಟ ಗಾಡಿ. ಮುಂದಿನ ಸಲ ಅಂಥದ್ದು ಎದುರಾದರೆ ಮದುಮಕ್ಕಳನ್ನು ನೋಡಿದ ಮೇಲೆ ಒಂದು ನಿಮಿಷ ಅದರ ಬಾಗಿಲನ್ನೂ ನೋಡಿ. ನಾನು ನೋಡಿದ ಕೆಲವು ಗಾಡಿಗಳಲ್ಲಿ ಬಾಗಿಲನ್ನು ವೆಲ್ಡ್ ಮಾಡಿಬಿಟ್ಟಿದ್ದರು. ಒಂದರಲ್ಲಿ ತಂತಿ ಸುತ್ತಿ ಕಟ್ಟಿದ್ದರು. ಅದರ ಮೇಲೆ ಸೇವಂತಿಗೆ ಹಾರ ಬಿದ್ದಿದ್ದರಿಂದ ಯಾರಿಗೂ ಕಾಣುತ್ತಿರಲಿಲ್ಲ.

ಕತ್ತರಿಸಿದ್ದು ಟಾಪ್. ಬಾಗಿಲಿಗೇನಾಯಿತು?

ಈ ಪ್ರಶ್ನೆಗೆ ನೂರು ವರ್ಷದ ಇತಿಹಾಸ ಇದೆ. ಅಮೆರಿಕದ ಡೆಟ್ರಾಯಿಟ್‌ನ ದೊಡ್ಡ ದೊಡ್ಡ ಕಂಪನಿಗಳು 1960ರ ದಶಕದಲ್ಲಿ ಇದೇ ಪ್ರಶ್ನೆಯ ಜೊತೆ ಗುದ್ದಾಡಿದವು. ನಾನು ಬೆಂಗಳೂರಿನಲ್ಲಿ ಕಾರಿನ ಮೈಯನ್ನು ಕಂಪ್ಯೂಟರಿನೊಳಗೆ ತಿರುಚಿ, ಬಗ್ಗಿಸಿ, ನಡುಗಿಸಿ ನೋಡುವ ಕೆಲಸ ಮಾಡ್ತೀನಿ. ಆದರೆ ಗಾಡಿಯ ಮೊದಲ ಪಾಠ ಕಲಿತದ್ದು ಹೊಸರಿತ್ತಿಯ ಚಕ್ಕಡಿಯಿಂದ. ಹಾಗಾಗಿ ಅಲ್ಲಿಂದಲೇ ಶುರು ಮಾಡ್ತೀನಿ.

ಚಕ್ಕಡಿ ಯಾಕೆ ಮುರಿಯೋದಿಲ್ಲ

ಹೊಸರಿತ್ತಿ ಅಂದರೆ ಹೊರಗಿನವರಿಗೆ ನೆನಪಾಗುವುದು ಎರಡು. ಒಂದು, 1943ರ ಏಪ್ರಿಲ್ 1ರಂದು ಮೈಲಾರ ಮಹಾದೇವಪ್ಪ ಪ್ರಾಣ ಕೊಟ್ಟ ಊರು. ಇನ್ನೊಂದು, ಗಾಂಧಿ ಗ್ರಾಮೀಣ ಗುರುಕುಲ. ನಮಗೆ, ಅಂದರೆ ಅಲ್ಲಿ ಬೆಳೆದವರಿಗೆ, ಮೂರನೆಯದೂ ಒಂದಿದೆ: ವರದಾ ದಂಡೆಯ ಹೊಲದ ದಾರಿಗಳು. ಮಳೆಗಾಲದಲ್ಲಿ ಎರೆಮಣ್ಣು ಗಾಲಿ ಹಿಡಿದು ಬಿಡೋದಿಲ್ಲ. ಬೇಸಿಗೆಯಲ್ಲಿ ಅದೇ ಮಣ್ಣು ಕಲ್ಲಿನ ಹಾಗೆ ಒಣಗಿ, ಗಾಲಿ ಜಾಡು ಗೇಣುದ್ದ ಆಳ ಆಗಿರುತ್ತೆ.

ಅಂಥ ದಾರಿಯಲ್ಲಿ ಚಕ್ಕಡಿ ಹೋಗುವಾಗ ಗಮನಿಸಿದರೆ ಅದು ಮೈಯೆಲ್ಲ ಆಡುತ್ತಾ ಹೋಗುತ್ತೆ. ಒಂದು ಗಾಲಿ ಗುಂಡಿಗೆ ಇಳಿದರೆ ಮೂಕಿ ಒಂದು ಕಡೆ, ಹಲಗೆ ಒಂದು ಕಡೆ. ಕಿರ್ ಅನ್ನುತ್ತೆ, ಗಡಗಡ ಅನ್ನುತ್ತೆ, ಆದರೆ ಮುರಿಯೋದಿಲ್ಲ. ಬಡಿಗೇರರು ಅದರ ಕೀಲುಗಳಲ್ಲಿ ಬೇಕಂತಲೇ ಸ್ವಲ್ಪ ಸಡಿಲ ಬಿಟ್ಟಿರುತ್ತಾರೆ. ಮರಕ್ಕೆ ಮರ ಸೇರುವ ಕಡೆ ಬೆಣೆ ಹೊಡೆದಿರುತ್ತಾರೆ. ಸಡಿಲವಾದರೆ ಮತ್ತೆ ಬಡಿದು ಕೂರಿಸಬಹುದು.

ಆದರೆ ಅದೇ ಚಕ್ಕಡಿಯ ಗಾಲಿಯಲ್ಲಿ ಸಡಿಲಕ್ಕೆ ಜಾಗವೇ ಇಲ್ಲ. ಕಬ್ಬಿಣದ ಹಳಿಯನ್ನು ಕೆಂಪಗೆ ಕಾಯಿಸಿ, ಹಿಗ್ಗಿದಾಗ ಗಾಲಿಗೆ ತೊಡಿಸಿ, ಮೇಲೆ ನೀರು ಸುರಿಯುತ್ತಾರೆ. ಹೊಗೆ ಏಳುತ್ತೆ, ಹಳಿ ಕುಗ್ಗುತ್ತೆ, ಗುಂಬದಿಂದ ಅಂಚಿನ ತನಕ ಅರೆಕಾಲುಗಳೆಲ್ಲ ಬಿಗಿದು ಒಂದೇ ತುಂಡಿನಂತೆ ಆಗುತ್ತವೆ. ಅಂದರೆ ಆ ಗಾಡಿ ಮಾಡಿದವನಿಗೆ ಎಲ್ಲಿ ಬಳುಕಬೇಕು, ಎಲ್ಲಿ ಬಳುಕಬಾರದು ಎಂಬುದು ಗೊತ್ತಿತ್ತು. ಕಾರಿನ ಇತಿಹಾಸ ಪೂರ್ತಿ ಈ ಒಂದು ಲೆಕ್ಕದ ಮೇಲೆ ನಿಂತಿದೆ.

ಮೊದಲು ಎಲ್ಲ ಕಾರೂ ತೆರೆದ ಕಾರೇ

ಇವತ್ತು ಕನ್ವರ್ಟಿಬಲ್ ಅಂದರೆ ಶೋಕಿ. ಆದರೆ ಶುರುವಿನಲ್ಲಿ ಮುಚ್ಚಿದ ಕಾರೇ ಶೋಕಿಯಾಗಿತ್ತು. 1886ರ ಬೆಂಜ್ ಗಾಡಿಗೆ ಟಾಪ್ ಇರಲಿಲ್ಲ. 1908ರಿಂದ 1927ರವರೆಗೆ ಒಂದೂವರೆ ಕೋಟಿ ಮೀರಿ ತಯಾರಾದ ಫೋರ್ಡ್ ಮಾಡೆಲ್ ಟಿ ಕೂಡ ಬಹುಕಾಲ ಹೆಚ್ಚಾಗಿ ಬಟ್ಟೆ ಟಾಪಿನ ಗಾಡಿಯೇ. 1919ರಲ್ಲಿ ಅಮೆರಿಕದಲ್ಲಿ ತಯಾರಾದ ಹತ್ತು ಕಾರುಗಳಲ್ಲಿ ಸುಮಾರು ಒಂದು ಮಾತ್ರ ಮುಚ್ಚಿದ ಕಾರು. 1927ರ ಹೊತ್ತಿಗೆ ಲೆಕ್ಕ ಪೂರ್ತಿ ತಿರುಗಿ, ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮುಚ್ಚಿದವೇ ಆದವು.

ಆ ಕಾಲದ ತೆರೆದ ಕಾರುಗಳಿಗೆ ಟಾಪ್ ಇಲ್ಲದ್ದು ತೊಂದರೆಯೇ ಆಗಿರಲಿಲ್ಲ. ಯಾಕೆಂದರೆ ಕೆಳಗೆ ಏಣಿಯಂಥ ಚಾಸಿಸ್ ಇತ್ತು: ಎರಡು ಉದ್ದ ಹಳಿ, ನಡುವೆ ಅಡ್ಡಪಟ್ಟಿ. ಎಂಜಿನ್, ಗಾಲಿ, ಸ್ಪ್ರಿಂಗ್ ಎಲ್ಲ ಅದಕ್ಕೇ ಕಟ್ಟಿದವು. ಮೇಲಿನ ಮೈ ಅಂದರೆ ಚಕ್ಕಡಿ ಮೇಲಿನ ತಟ್ಟಿಯ ಹಾಗೆ. ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು. ಇವತ್ತಿನ ಲಾರಿ ಹಾಗೆಯೇ ಇದೆ. ನಮ್ಮ ಕಡೆಯ ಹಳೇ ಮಹೀಂದ್ರಾ ಜೀಪೂ ಹಾಗೆಯೇ. ಜೀಪಿನ ಟಾರ್ಪಾಲಿನ್ ಬಿಚ್ಚಿದರೆ ಅದರ ಗಟ್ಟಿತನ ಎಳ್ಳಷ್ಟೂ ಕಡಿಮೆ ಆಗೋದಿಲ್ಲ.

ಆಮೇಲೆ ಒಂದು ಹೊಸ ಯೋಚನೆ ಬಂತು. ಮೈಯನ್ನೇ ಗಟ್ಟಿ ಮಾಡಿದರೆ ಚಾಸಿಸ್ ಯಾಕೆ ಬೇಕು? ದೋಣಿಗೆ ಚಾಸಿಸ್ ಎಲ್ಲಿದೆ? 1922ರಲ್ಲಿ ಇಟಲಿಯ ಲಾನ್ಸಿಯಾ ಕಂಪನಿ ಲ್ಯಾಂಬ್ಡಾ ಎಂಬ ಕಾರನ್ನು ಜನರ ಮುಂದಿಟ್ಟಿತು. ಅದಕ್ಕೆ ಬೇರೆ ಚಾಸಿಸ್ ಇರಲಿಲ್ಲ, ತಗಡಿನ ಮೈಯೇ ಬೆನ್ನೆಲುಬು. ಸೋಜಿಗ ಏನೆಂದರೆ ಅದು ತೆರೆದ ಕಾರು. ಟಾಪ್ ಇಲ್ಲದೆ ಅದು ಹೇಗೆ ನಿಂತಿತು? ಪಕ್ಕದ ಗೋಡೆಗಳನ್ನು ದೋಣಿಯ ಹಾಗೆ ಎತ್ತರಕ್ಕೆ ಎಬ್ಬಿಸಿ, ಬಾಗಿಲನ್ನು ಚಿಕ್ಕದು ಮಾಡಿದ್ದರು. ಕೂರುವವರು ಕಾಲೆತ್ತಿ ಒಳಗೆ ಇಳಿಯಬೇಕಿತ್ತು. ಟಾಪ್ ಇಲ್ಲದ ಕಾರು ಗಟ್ಟಿ ಇರಬೇಕಾದರೆ ಬೇರೆ ಎಲ್ಲೋ ಅದರ ಬೆಲೆ ತೆರಬೇಕು ಎಂಬುದನ್ನು ಲ್ಯಾಂಬ್ಡಾ ಮೊದಲೇ ಹೇಳಿಕೊಟ್ಟಿತ್ತು.

1934ರ ಸಿಟ್ರೊಯೆನ್ ಟ್ರಾಕ್ಷನ್ ಅವಾಂಟ್‌ನಿಂದ ಮುಂದೆ ಈ ಮಾನೊಕಾಕ್ ಪದ್ಧತಿ ದೊಡ್ಡ ಸಂಖ್ಯೆಯ ತಯಾರಿಕೆಗೂ ಬಂತು. ತೂಕ ಕಡಿಮೆ, ಗಟ್ಟಿ ಜಾಸ್ತಿ. ನಮ್ಮ ಅಂಬಾಸಿಡರ್ ಮಾನೊಕಾಕ್. ಪ್ರೀಮಿಯರ್ ಪದ್ಮಿನಿ ಮಾನೊಕಾಕ್. ಈಗ ನೀವು ಓಡಿಸುವ ಹ್ಯಾಚ್‌ಬ್ಯಾಕ್ ಕೂಡ ಅದೇ. ಇವುಗಳಲ್ಲಿ ಟಾಪ್ ಅನ್ನುವುದು ಬಿಸಿಲು ಮಳೆಗೆ ಹಿಡಿದ ಕೊಡೆಯಲ್ಲ. ಅದು ಗಾಡಿಯನ್ನು ಹೊತ್ತ ನಾಲ್ಕು ಗೋಡೆಗಳನ್ನು ಮೇಲಿಂದ ಹಿಡಿದಿಟ್ಟ ತೊಲೆ.

ಬಿದಿರಿನ ಲೆಕ್ಕ

ಇದನ್ನು ನಂಬೋದಿಲ್ಲ ಅಂದರೆ ಒಂದು ಶೂ ಡಬ್ಬಿ ತಗೊಳ್ಳಿ. ಮುಚ್ಚಳವನ್ನು ಟೇಪ್ ಹಾಕಿ ಅಂಟಿಸಿ, ಎರಡೂ ತುದಿ ಹಿಡಿದು ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿ. ಜಪ್ಪಯ್ಯ ಅಂದರೂ ತಿರುಗೋದಿಲ್ಲ. ಈಗ ಮುಚ್ಚಳ ಕಿತ್ತು ಅದನ್ನೇ ಮಾಡಿ. ಕೈಯಲ್ಲೇ ಓಲಾಡುತ್ತೆ.

ಹಳ್ಳಿಯವರಿಗೆ ಇದಕ್ಕಿಂತ ಒಳ್ಳೆ ಉದಾಹರಣೆ ಬಿದಿರು. ಇಡೀ ಬಿದಿರ ಗಳವನ್ನು ಕೈಯಲ್ಲಿ ತಿರುಚಿ ನೋಡಿ, ಆಗೋದಿಲ್ಲ. ಅದಕ್ಕೆ ಉದ್ದಕ್ಕೆ ಒಂದೇ ಒಂದು ಸೀಳು ಬಿಡಿ. ತೂಕ ಅಷ್ಟೇ, ದಪ್ಪ ಅಷ್ಟೇ, ಆದರೆ ಈಗ ಸುಲಭವಾಗಿ ತಿರುಚಿಕೊಳ್ಳುತ್ತೆ. ಮುಚ್ಚಿದ ತೆಳು ಕೊಳವೆಯ ತಿರುಚು ಲೆಕ್ಕದ ಸೂತ್ರವನ್ನು ಜರ್ಮನಿಯ ಎಂಜಿನಿಯರ್ ರುಡಾಲ್ಫ್ ಬ್ರೆಟ್ 1896ರಲ್ಲೇ ಕೊಟ್ಟಿದ್ದಾನೆ. ಅದರಂತೆ ಲೆಕ್ಕ ಹಾಕಿದರೆ, 20 ಮಿಲಿಮೀಟರ್ ತ್ರಿಜ್ಯ, 2 ಮಿಲಿಮೀಟರ್ ಗೋಡೆಯ ಒಂದು ಪೈಪನ್ನು ಉದ್ದಕ್ಕೆ ಸೀಳಿದರೆ, ತಿರುಚುವಿಕೆಯನ್ನು ತಡೆಯುವ ಅದರ ಶಕ್ತಿ 300 ಪಟ್ಟು ಕುಸಿಯುತ್ತೆ. ಮೂವತ್ತಲ್ಲ, ಮುನ್ನೂರು. ಒಂದು ಚೂರು ಕಬ್ಬಿಣ ಕೂಡ ತೆಗೆದಿಲ್ಲ, ಬರೀ ಸೀಳಿದ್ದೀವಿ.

ಕಾರು ಇಷ್ಟು ಸರಳ ಪೈಪ್ ಅಲ್ಲ. ನೆಲ, ಎಂಜಿನ್ ಹಿಂದಿನ ಗೋಡೆ, ಬಾಗಿಲ ಕೆಳಗಿನ ಸಿಲ್ ಎಲ್ಲ ಇರುವುದರಿಂದ ಕುಸಿತ ಅಷ್ಟು ಭಯಂಕರ ಆಗೋದಿಲ್ಲ. ಆದರೆ ತತ್ವ ಅದೇ. ಟಾಪ್ ಕತ್ತರಿಸಿದರೆ ಮುಚ್ಚಿದ ಕೊಳವೆ ತೆರೆದ ತೊಟ್ಟಿಯಾಗುತ್ತೆ. ಆಗ ಮುಂದಿನ ಅರ್ಧಕ್ಕೂ ಹಿಂದಿನ ಅರ್ಧಕ್ಕೂ ಉಳಿದ ನಂಟು ಎಂದರೆ ನೆಲ ಮತ್ತು ಎರಡು ಸಿಲ್ ಮಾತ್ರ. ನಡುವೆ ಇರುವ ದೊಡ್ಡ ತೂತೇ ಬಾಗಿಲು. ಎಂಜಿನ್ ತೂಕ ಮುಂದೆ, ಜನರ ತೂಕ ನಡುವೆ ಮತ್ತು ಹಿಂದೆ. ನಡು ತಗ್ಗುತ್ತೆ. ನಡು ತಗ್ಗಿದರೆ ಬಾಗಿಲ ಚೌಕಟ್ಟು ಮೇಲೆ ಕಿರಿದಾಗುತ್ತೆ. ಬಾಗಿಲು ಕೂರೋದಿಲ್ಲ. ಬಾಗಿಲಿಗೇನೂ ಆಗಿಲ್ಲ, ಮನೆಯೇ ವಾಲಿದೆ.

ಡೆಟ್ರಾಯಿಟ್‌ನ ಮೂರು ಮದ್ದು

ಈಗ 1964ಕ್ಕೆ ಬರೋಣ. ಆ ವರ್ಷ ಪಾಂಟಿಯಾಕ್ ಕಂಪನಿ ತನ್ನ ಮಧ್ಯಮ ಗಾತ್ರದ ಕಾರಿಗೆ 389 ಕ್ಯೂಬಿಕ್ ಇಂಚಿನ, ಅಂದರೆ ಸುಮಾರು 6.4 ಲೀಟರಿನ ವಿ8 ಎಂಜಿನ್ ತುರುಕಿ ಜಿಟಿಒ ಅಂತ ಹೆಸರಿಟ್ಟಿತು. ಮಸಲ್ ಕಾರುಗಳ ಕಾಲ ಅಲ್ಲಿಂದ ಅಂತ ಬಹಳ ಜನ ಲೆಕ್ಕ ಹಾಕ್ತಾರೆ. ಅದೇ ವರ್ಷ ಏಪ್ರಿಲ್ 17ಕ್ಕೆ ಫೋರ್ಡ್ ಮಸ್ಟಾಂಗ್ ಬಂತು. 1966ರ ಸೆಪ್ಟೆಂಬರಿನಲ್ಲಿ ಶೆವ್ರೊಲೆ ಕಮಾರೊ ಬಂತು. ಮೂರಕ್ಕೂ ಕನ್ವರ್ಟಿಬಲ್ ರೂಪ ಇತ್ತು. ಮೂರೂ ಒಂದೇ ರೋಗಕ್ಕೆ ಮೂರು ಬೇರೆ ಮದ್ದು ಮಾಡಿದವು.

ಜಿಟಿಒಗೆ ಕೆಳಗೆ ಬೇರೆ ಚಾಸಿಸ್ ಇತ್ತು. ಜನರಲ್ ಮೋಟಾರ್ಸ್ ಈ ಗುಂಪಿನ ಮುಚ್ಚಿದ ಕಾರುಗಳ ಚಾಸಿಸ್ ಹಳಿಯನ್ನು ಒಂದು ಪಕ್ಕ ತೆರೆದ ಸಿ ಆಕಾರದಲ್ಲಿ ಮಾಡುತ್ತಿತ್ತು. ಕನ್ವರ್ಟಿಬಲ್‌ಗೆ ಮಾತ್ರ ನಾಲ್ಕೂ ಕಡೆ ಮುಚ್ಚಿದ ಪೆಟ್ಟಿಗೆಯಾಕಾರದ ಹಳಿ ಕೊಟ್ಟಿತು. ಸೀಳಿದ ಬಿದಿರನ್ನು ಮತ್ತೆ ಇಡೀ ಬಿದಿರು ಮಾಡಿದ ಹಾಗೆ. ಮೇಲೆ ಕಳೆದುಕೊಂಡದ್ದನ್ನು ಕೆಳಗೆ ಗಳಿಸಿದರು.

ಮಸ್ಟಾಂಗ್ ಮಾನೊಕಾಕ್. ಅದಕ್ಕೆ ಚಾಸಿಸ್ಸೇ ಇಲ್ಲ. ಹಾಗಾಗಿ ಫೋರ್ಡ್‌ನವರು ಕನ್ವರ್ಟಿಬಲ್‌ನ ಸಿಲ್ ಒಳಗೆ ಇನ್ನೂ ದಪ್ಪ ತಗಡು ಹಾಕಿದರು, ಸೀಟಿನ ಕೆಳಗೆ ನೆಲಕ್ಕೆ ಬಲ ಕೊಟ್ಟರು, ಸಿಲ್ ಮತ್ತು ಮುಂದಿನ ಹಳಿ ಸೇರುವ ಮೂಲೆಗೆ ಟಾರ್ಕ್ ಬಾಕ್ಸ್ ಎಂಬ ಪೆಟ್ಟಿಗೆ ಕೂರಿಸಿದರು. ಇದರಿಂದ ಟಾಪ್ ಇಲ್ಲದ ಮಸ್ಟಾಂಗ್ ಟಾಪ್ ಇದ್ದ ಮಸ್ಟಾಂಗ್‌ಗಿಂತ ತೂಕ ಜಾಸ್ತಿ ಆಯಿತು! ಕನ್ವರ್ಟಿಬಲ್ ಹಗುರ ಇರಬೇಕಲ್ಲ ಅಂತ ಕೇಳುವವರಿಗೆ ಇದೇ ಉತ್ತರ. ಇನ್ನೊಂದು ಮಜಾ ನೋಡಿ: ಮಸ್ಟಾಂಗ್‌ನ ಎಂಜಿನ್ ಮೇಲೆ ಅಡ್ಡ ಹಾಕುವ ಒಂದು ಬಿಗಿ ತುಂಡಿಗೆ ಎಕ್ಸ್‌ಪೋರ್ಟ್ ಬ್ರೇಸ್ ಅಂತ ಹೆಸರು. ಕೆಟ್ಟ ರಸ್ತೆಯ ದೇಶಗಳಿಗೆ ಹೋಗುವ ಕಾರುಗಳಿಗೆ ಅಂತ ಮಾಡಿದ್ದು. ನಮ್ಮಂಥ ರಸ್ತೆಗಳ ನೆನಪಲ್ಲಿ ಡೆಟ್ರಾಯಿಟ್ ಒಂದು ಬಿಡಿಭಾಗಕ್ಕೆ ಹೆಸರಿಟ್ಟಿತ್ತು ಅನ್ನಬಹುದು.

ಮೂರನೆಯದು ಕಮಾರೊ. ನನಗೆ ಬಹಳ ಇಷ್ಟವಾದ ಕಥೆ. ಅದರ ಮುಂಭಾಗಕ್ಕೆ ಒಂದು ಅರ್ಧ ಚಾಸಿಸ್, ಅದು ರಬ್ಬರ್ ಬುಷ್‌ಗಳ ಮೇಲೆ ಮೈಗೆ ಕೂತಿರುತ್ತೆ. ಹಿಂಭಾಗ ಮಾನೊಕಾಕ್. ಟಾಪ್ ತೆಗೆದಾಗ ಕಾರು ನಡುಗಿತು. ಆಗ ಎಂಜಿನಿಯರುಗಳು ಕಾರಿನ ನಾಲ್ಕು ಮೂಲೆಗೆ ನಾಲ್ಕು ಭಾರವಾದ ಡಬ್ಬಿ ಬಿಗಿದರು. ಒಳಗೆ ಎಣ್ಣೆ, ಎಣ್ಣೆಯಲ್ಲಿ ಸ್ಪ್ರಿಂಗ್‌ಗೆ ಕೂತ ಒಂದು ತೂಕದ ಗುಂಡು. ಜನ ಅದಕ್ಕೆ ಕಾಕ್‌ಟೇಲ್ ಶೇಕರ್ ಅಂತ ಅಡ್ಡಹೆಸರಿಟ್ಟರು. ಎಷ್ಟೋ ಮಂದಿ ಹಳೇ ಕಮಾರೊ ತಂದು ರಿಪೇರಿ ಮಾಡುವಾಗ, "ಇದ್ಯಾಕೆ ಸುಮ್ಮನೆ ಭಾರ?" ಅಂತ ಅವನ್ನು ಬಿಚ್ಚಿ ಎಸೆದು, ಆಮೇಲೆ ಸ್ಟೀರಿಂಗ್ ಯಾಕೆ ನಡುಗುತ್ತೆ ಅಂತ ತಲೆ ಕೆರೆದುಕೊಂಡಿದ್ದಾರೆ.

ಬಳುಕು ಬೇರೆ, ನಡುಕ ಬೇರೆ

ಕಮಾರೊ ಮದ್ದು ಅರ್ಥ ಆಗಬೇಕಾದರೆ ಎರಡು ಮಾತನ್ನು ಬೇರೆ ಮಾಡಿಕೊಳ್ಳಬೇಕು. ಬಳುಕು ಅಂದರೆ ಎಷ್ಟು ಬಗ್ಗುತ್ತೆ ಎಂಬುದು. ನಡುಕ ಅಂದರೆ ಸೆಕೆಂಡಿಗೆ ಎಷ್ಟು ಸಲ, ಎಷ್ಟು ಹೊತ್ತು ಅಲ್ಲಾಡುತ್ತೆ ಎಂಬುದು. ಎಲ್ಲ ವಸ್ತುವಿಗೂ ತನ್ನದೇ ಒಂದು ತಾಳ ಇರುತ್ತೆ. ಗಟ್ಟಿ ಇದ್ದಷ್ಟೂ ತಾಳ ಚುರುಕು. ಗಟ್ಟಿತನ ಅರ್ಧಕ್ಕೆ ಇಳಿದರೆ ತಾಳ ಸುಮಾರು 0.7 ಪಟ್ಟಿಗೆ ಇಳಿಯುತ್ತೆ.

ಗುಂಡಿಗೆ ಬಿದ್ದಾಗ ಕಾರಿನ ಗಾಲಿ ಮತ್ತು ಆಕ್ಸಲ್ ಕುಣಿಯುವ ತಾಳ ಸೆಕೆಂಡಿಗೆ ಸುಮಾರು 10ರಿಂದ 15 ಸಲ. ಮುಚ್ಚಿದ ಕಾರಿನ ಮೈಯ ತಾಳ ಇದಕ್ಕಿಂತ ಸಾಕಷ್ಟು ಮೇಲಿರುತ್ತೆ, ಹಾಗಾಗಿ ಗಾಲಿ ಕುಣಿದರೂ ಮೈ ಅದರ ಜೊತೆ ಸೇರೋದಿಲ್ಲ. ಟಾಪ್ ತೆಗೆದಾಗ ಮೈಯ ತಾಳ ಕೆಳಗಿಳಿದು ಗಾಲಿಯ ತಾಳದ ಹತ್ತಿರಕ್ಕೇ ಬರುತ್ತೆ. ಆಗ ಇಬ್ಬರೂ ಸೇರಿ ಕುಣಿತಾರೆ. ಕನ್ನಡಿ ಅದುರುತ್ತೆ, ಸ್ಟೀರಿಂಗ್ ಅದುರುತ್ತೆ, ಮುಂದಿನ ಗಾಜಿನ ಚೌಕಟ್ಟು ಎಡಕ್ಕೂ ಬಲಕ್ಕೂ ಓಲಾಡುತ್ತೆ. ಇಂಗ್ಲೆಂಡಿನವರು ಇದಕ್ಕೆ ಸ್ಕಟಲ್ ಶೇಕ್ ಅಂತಾರೆ.

ಕಾಕ್‌ಟೇಲ್ ಶೇಕರ್ ಬಳುಕನ್ನು ಕಡಿಮೆ ಮಾಡೋದಿಲ್ಲ. ಅದು ಕಾರಿನ ತಾಳಕ್ಕೆ ಶ್ರುತಿ ಮಾಡಿದ ಇನ್ನೊಂದು ತೂಗು. ಮೈ ಮೇಲೆ ಹೋದಾಗ ಡಬ್ಬಿಯೊಳಗಿನ ಗುಂಡು ಕೆಳಗೆ ಎಳೆಯುತ್ತೆ, ಎಣ್ಣೆ ಆ ಕುಣಿತದ ಶಕ್ತಿಯನ್ನು ನುಂಗುತ್ತೆ. ಈ ಉಪಾಯ ಹಳೆಯದು: ಜರ್ಮನಿಯ ಹರ್ಮನ್ ಫ್ರಾಮ್ 1909ರಲ್ಲೇ ಇಂಥ ಸಾಧನಕ್ಕೆ ಪೇಟೆಂಟ್ ಕೇಳಿದ್ದ. ತೈವಾನಿನ ತೈಪೆ 101 ಕಟ್ಟಡದ ಮೇಲಂತಸ್ತಿನಲ್ಲಿ ತೂಗುವ 660 ಟನ್ ಗುಂಡು ಇದೇ ಜಾತಿ. ಅಷ್ಟು ದೂರ ಯಾಕೆ, ಹೈಟೆನ್ಷನ್ ಕಂಬಗಳ ಹತ್ತಿರ ತಲೆಯೆತ್ತಿ ನೋಡಿ. ತಂತಿಗೆ ಚಿಕ್ಕ ಡಂಬಲ್ ಥರದ್ದು ನೇತಾಡುತ್ತಿರುತ್ತೆ. ಅದಕ್ಕೆ ಸ್ಟಾಕ್‌ಬ್ರಿಜ್ ಡ್ಯಾಂಪರ್ ಅಂತಾರೆ. ಗಾಳಿಗೆ ತಂತಿ ನಡುಗಿ ನಡುಗಿ ತುಂಡಾಗದಿರಲಿ ಅಂತ 1920ರ ದಶಕದಲ್ಲಿ ಕಂಡುಹಿಡಿದದ್ದು. ಪುಣೆ-ಬೆಂಗಳೂರು ಹೈವೇಯಲ್ಲಿ ಮೋಟೆಬೆನ್ನೂರು ದಾಟುವಾಗ ಬಸ್ಸಿನ ಕಿಟಕಿಯಿಂದ ಕಣ್ಣು ಹಾಯಿಸಿ, ಇಂಥ ಲೈನ್ ಸಿಕ್ಕರೆ ಕಮಾರೊದ ಬಂಧು ಸಿಕ್ಕ ಹಾಗೆ.

ಆದರೆ ಈ ಮದ್ದಿಗೆ ಮಿತಿ ಇದೆ. ಅದು ಒಂದೇ ತಾಳಕ್ಕೆ ಕೆಲಸ ಮಾಡುತ್ತೆ. ಜ್ವರಕ್ಕೆ ತಣ್ಣೀರ ಪಟ್ಟಿ ಇದ್ದ ಹಾಗೆ: ಆರಾಮ ಕೊಡುತ್ತೆ, ರೋಗ ಅಲ್ಲೇ ಇರುತ್ತೆ. ಕೂತವರಿಗೆ ನಡುಕ ಗೊತ್ತಾಗದಿದ್ದರೂ ಅಪಘಾತದ ಹೊಡೆತಕ್ಕೆ ಮೈ ಅಷ್ಟೇ ದುರ್ಬಲ.

ಒಬ್ಬನೇ ಡಿಸೈನರ್, ಎರಡು ಕಾರು

ಇಂಗ್ಲೆಂಡಿನಲ್ಲಿ ಇದೇ ಪಾಠ ಇನ್ನೊಂದು ಥರ ಕಾಣುತ್ತೆ. ಇಟಲಿಯ ಜೊವಾನಿ ಮಿಕೆಲೊಟ್ಟಿ ಟ್ರಯಂಫ್ ಕಂಪನಿಗೆ 1959ರಲ್ಲಿ ಹೆರಾಲ್ಡ್ ಕಾರನ್ನು ರೂಪಿಸಿದ. ನಮ್ಮ ಹಿರಿಯರಿಗೆ ಗೊತ್ತಿರುವ, ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಇದರದೇ ತಮ್ಮ. ಹೆರಾಲ್ಡ್‌ಗೆ ಬೇರೆ ಚಾಸಿಸ್ ಇತ್ತು. ಟ್ರಯಂಫ್ ಹೆರಾಲ್ಡ್‌ನ ಟಾಪನ್ನು ಬರೀ ಬೋಲ್ಟ್ ಹಾಕಿ ಕೂರಿಸಿದ್ದರು. ಬೋಲ್ಟ್ ಬಿಚ್ಚಿದರೆ ಟಾಪ್ ಎತ್ತಿಡಬಹುದು, ಚಾಸಿಸ್‌ಗೆ ಅದರ ಗೊಡವೆಯಿಲ್ಲ.

ಅದೇ ಮಿಕೆಲೊಟ್ಟಿಯ ಕೈಯಲ್ಲಿ 1970ರಲ್ಲಿ ಟ್ರಯಂಫ್ ಸ್ಟ್ಯಾಗ್ ಬಂತು. ಇದು ಮಾನೊಕಾಕ್, ಒಳಗೆ ವಿ8 ಎಂಜಿನ್. ತೆರೆದ ಕಾರಾಗಿಯೇ ಇಟ್ಟರೆ ಮೈ ತಿರುಚುತ್ತಿತ್ತು. ಕೊನೆಗೆ ಸೀಟಿನ ಹಿಂದೆ ಒಂದು ಕಮಾನು, ಅದರಿಂದ ಮುಂದಿನ ಗಾಜಿನ ಚೌಕಟ್ಟಿಗೆ ಒಂದು ತೊಲೆ, ಇಂಗ್ಲಿಷ್ ಟಿ ಅಕ್ಷರದ ಹಾಗೆ. ಇವತ್ತಿಗೂ ಸ್ಟ್ಯಾಗ್ ಗುರುತು ಸಿಗುವುದೇ ಆ ಟಿ ತೊಲೆಯಿಂದ. ಅಲಂಕಾರ ಅಂದುಕೊಂಡವರು ಇದ್ದಾರೆ. ಅದು ಊರುಗೋಲು.

1970ರ ದಶಕದಲ್ಲಿ ಸುರಕ್ಷತೆಯ ನಿಯಮ ಬಿಗಿಯಾಗಿ, ಏಸಿ ಎಲ್ಲ ಕಡೆ ಬಂದು, ಅಮೆರಿಕದಲ್ಲಿ ಕನ್ವರ್ಟಿಬಲ್ ಕೇಳುವವರೇ ಕಡಿಮೆಯಾದರು. 1976ರಲ್ಲಿ ಕ್ಯಾಡಿಲಾಕ್ ಎಲ್ಡೊರಾಡೊ 14,000 ಕಾರು ಮಾಡಿ, ಅಮೆರಿಕದ ಕೊನೆಯ ಕನ್ವರ್ಟಿಬಲ್ ಅಂತ ಮಾರಾಟ ಮಾಡಿತು. ಆರೇ ವರ್ಷಕ್ಕೆ, 1982ರಲ್ಲಿ, ಕ್ರೈಸ್ಲರ್ ಮತ್ತೆ ಶುರು ಮಾಡಿತು. 1989ರ ಮಾಜ್ದಾ ಎಂಎಕ್ಸ್-5 ಬರುವ ಹೊತ್ತಿಗೆ ಕಾಲ ಬದಲಾಗಿತ್ತು: ಮುಚ್ಚಿದ ಕಾರನ್ನು ಕತ್ತರಿಸುವ ಬದಲು ಮೊದಲ ಗೆರೆಯಿಂದಲೇ ತೆರೆದ ಕಾರು ಅಂತ ಯೋಚಿಸಿ ಮಾಡಿದ್ದರು. ಗೇರ್‌ಬಾಕ್ಸ್‌ನಿಂದ ಹಿಂದಿನ ಡಿಫರೆನ್ಷಿಯಲ್‌ವರೆಗೆ ಅಲ್ಯೂಮಿನಿಯಂ ಜಂತಿಯೊಂದನ್ನು ಕಟ್ಟಿದ್ದರು.

ಗ್ಯಾರೇಜಿನವರ ಜಾಣತನ

ಕಂಪನಿಗಳು ಬಿಟ್ಟ ಕೆಲಸವನ್ನು ಐವತ್ತು ವರ್ಷದಿಂದ ಗ್ಯಾರೇಜುಗಳು ಮಾಡುತ್ತಿವೆ. ಹಳೇ ಮಸ್ಟಾಂಗ್, ಕಮಾರೊ ಕನ್ವರ್ಟಿಬಲ್‌ಗಳ ನಡುಕ ಇಳಿಸುವವರಲ್ಲಿ ಬಲ್ಲವರು ಅನುಸರಿಸುವ ಕ್ರಮ ಒಂದಿದೆ, ಅದು ಯಾವ ಹಳೇ ಗಾಡಿಗೂ ಸಲ್ಲುತ್ತೆ.

ಮೊದಲು ತುಕ್ಕು. ಸಿಲ್ ಹೊರಗೆ ಹೊಳೆಯುತ್ತಿದ್ದರೂ ಒಳಗೆ ನೀರು ನಿಂತು ತಿಂದುಹಾಕಿರುತ್ತೆ. ತುಕ್ಕು ಹಿಡಿದ ಸಿಲ್‌ಗೆ ಪುಟ್ಟಿ ಮೆತ್ತಿದರೆ ನೋಡಲು ಚೆಂದ, ಭಾರ ಹೊರಲು ಸೊನ್ನೆ. ಎರಡನೆಯದು ನಡುಕದ ಮೂಲ: ಟಯರ್ ಬ್ಯಾಲೆನ್ಸ್, ಶಾಕ್ ಅಬ್ಸಾರ್ಬರ್, ಎಂಜಿನ್ ಮೌಂಟ್, ಮೈಗೂ ಚಾಸಿಸ್‌ಗೂ ನಡುವಿನ ರಬ್ಬರ್ ಬುಷ್. ಇವು ಸತ್ತಿದ್ದರೆ ಮೈಯನ್ನು ಎಷ್ಟು ಬಿಗಿ ಮಾಡಿದರೂ ಉಪಯೋಗ ಇಲ್ಲ. ಮೂರನೆಯದು ಬಿಗಿ: ಮುಂದಿನ ಹಳಿಗೂ ಹಿಂದಿನ ಹಳಿಗೂ ಉದ್ದಕ್ಕೆ ಸಬ್‌ಫ್ರೇಮ್ ಕನೆಕ್ಟರ್ ಎಂಬ ಪೆಟ್ಟಿಗೆ ಪೈಪ್ ಸೇರಿಸಿ ವೆಲ್ಡ್ ಮಾಡುವುದು, ಕೆಳಗೆ ಅಡ್ಡಪಟ್ಟಿ ಕೊಡುವುದು. ತೂಕದ ಡಬ್ಬಿ ಏನಿದ್ದರೂ ಕೊನೆಗೆ.

ಮೂರನೆಯದರಲ್ಲಿ ಒಂದು ಸೂಕ್ಷ್ಮ ಇದೆ. ವೆಲ್ಡ್ ಮಾಡುವಾಗ ಗಾಡಿ ತನ್ನ ಗಾಲಿಗಳ ಮೇಲೆ ತನ್ನ ಭಾರದಲ್ಲೇ ನಿಂತಿರಬೇಕು, ಬಾಗಿಲಿನ ಸಂದು ಮೇಲಿಂದ ಕೆಳಗಿನ ತನಕ ಸಮ ಇರಬೇಕು. ನಡು ತಗ್ಗಿದ ಗಾಡಿಗೆ ಹಾಗೇ ವೆಲ್ಡ್ ಹಾಕಿದರೆ ಆ ತಗ್ಗನ್ನೇ ಶಾಶ್ವತ ಮಾಡಿದ ಹಾಗೆ. ಮುರಿದ ಕೈಯನ್ನು ಸರಿಯಾಗಿ ಕೂಡಿಸದೆ ಪ್ಲಾಸ್ಟರ್ ಹಾಕಿದರೆ ಏನಾಗುತ್ತೋ ಅದೇ.

ರಾಣೇಬೆನ್ನೂರಿನ ಬಿಳಿ ಪದ್ಮಿನಿ

ಇಷ್ಟೆಲ್ಲ ಇತಿಹಾಸ ನನಗೆ ನಿಜಕ್ಕೂ ಉಪಯೋಗಕ್ಕೆ ಬಂದದ್ದು ಎರಡು ವರ್ಷದ ಹಿಂದೆ. ನಮ್ಮ ಸೋದರಮಾವನಿಗೆ ಶಾಮಿಯಾನ, ಪಾತ್ರೆ, ಡೆಕೋರೇಷನ್ ಬಾಡಿಗೆ ವ್ಯವಹಾರ. ಜೊತೆಗೆ ಮೆರವಣಿಗೆಗೆ ಒಂದು ತೆರೆದ ಕಾರು ಇಟ್ಟರೆ ಸೀಸನ್ನಿನಲ್ಲಿ ಚೆನ್ನಾಗಿ ನಡೆಯುತ್ತೆ ಅಂತ ಅವರ ಲೆಕ್ಕ. ರಾಣೇಬೆನ್ನೂರಿನಲ್ಲಿ ಟಾಪ್ ಕತ್ತರಿಸಿದ ಒಂದು ಪದ್ಮಿನಿ ಮಾರಾಟಕ್ಕಿತ್ತು. ಅಡ್ವಾನ್ಸ್ ಕೊಡುವ ಹಿಂದಿನ ದಿನ ನನಗೆ ಫೋನ್.

"ತಮ್ಮಾ, ನೀ ಬೆಂಗಳೂರಾಗ ಇದ ಕೆಲಸ ಮಾಡ್ತಿಯಲ್ಲ, ಬಂದು ಒಮ್ಮೆ ನೋಡಿ ಹೇಳು."

ಹೋದೆ. ಗಾಡಿ ನೋಡಲು ಲಕಲಕ. ಎಂಜಿನ್ ಕೂಡ ಚೆನ್ನಾಗಿತ್ತು. ನಾನು ಬಾನೆಟ್ ಮುಟ್ಟಲಿಲ್ಲ. ಬಾಗಿಲ ಮೇಲಿನ ಸಂದಿಗೂ ಕೆಳಗಿನ ಸಂದಿಗೂ ಬೆರಳು ಇಟ್ಟು ನೋಡಿದೆ. ಕೆಳಗೆ ಕಿರುಬೆರಳು ಹೋಗುತ್ತಿತ್ತು, ಮೇಲೆ ಉಗುರೂ ಹೋಗುತ್ತಿರಲಿಲ್ಲ. ಹಿಂದಿನ ಸೀಟಿನ ಮೇಲೆ ನಾಲ್ಕು ಜನರನ್ನು ಹತ್ತಿಸಿ ಬಾಗಿಲು ತೆಗೆಯಲು ಹೇಳಿದೆ.

"ಮಾಮಾ, ಈಗ ಬಾಗಿಲ ತೆಗೀರಿ."

"ಬರವಲ್ದಲ್ಲೋ!"

ಮಾರುವವರು ನಕ್ಕರು. "ಓಪನ್ ಗಾಡಿ ಅಂದಮ್ಯಾಲ ಹಂಗ ಇರ್ತೈತ್ರಿ. ಜನಾ ಮ್ಯಾಲಿಂದನ ಹತ್ತತಾರ, ಬಾಗಿಲ ಯಾರಿಗ್ ಬೇಕು?"

ಆ ಮಾತಲ್ಲಿ ಒಂದು ಸತ್ಯ ಇದೆ. ಮೆರವಣಿಗೆಯ ಗಾಡಿ ನಡೆಯುವವರ ವೇಗದಲ್ಲಿ ಹೋಗುತ್ತೆ. ಆದರೆ ಅದು ಊರಿಂದ ಊರಿಗೆ ಹೋಗುವುದು ಹೆಗಲ ಮೇಲೆ ಅಲ್ಲ, ಹೈವೇ ಮೇಲೆ, ಲಾರಿಗಳ ನಡುವೆ. ರಾತ್ರಿ ಮೆರವಣಿಗೆ ಮುಗಿದ ಮೇಲೆ ಬ್ಯಾಂಡಿನ ಹುಡುಗರು, ಮನೆ ಮಕ್ಕಳು ಹಿಂದಿನ ಸೀಟಿನಲ್ಲಿ ತುಂಬಿಕೊಳ್ಳುವುದು ನಾವೆಲ್ಲ ನೋಡಿದ್ದೇ. ಸೀಟ್ ಬೆಲ್ಟ್ ಇಲ್ಲ, ಟಾಪ್ ಇಲ್ಲ, ಬಾಗಿಲು ತೆರೆಯೋದಿಲ್ಲ, ನೆಲದ ಕೆಳಗೆ ಒಂದು ಕನೆಕ್ಟರ್ ಪೈಪ್ ಕೂಡ ಇಲ್ಲ. ಫೋರ್ಡ್ ಕಂಪನಿ ಟಾಪ್ ತೆಗೆಯುವ ಮೊದಲು ಕೆಳಗೆ ಎಷ್ಟು ಕಬ್ಬಿಣ ಸೇರಿಸಿತ್ತು ಅಂತ ನೆನಪಾಯಿತು. ಇಲ್ಲಿ ಬರೀ ಕಳೆದಿದ್ದರು, ಕೂಡಿಸಿದ್ದು ಎಲ್‌ಇಡಿ ಮಾತ್ರ.

ಕಾನೂನಿನ ಮಾತು ಬೇರೆ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿದೆ. ಮಾವನಿಗೆ ಇದನ್ನೂ ಹೇಳಿದೆ. ಆದರೆ ಅವರ ಮನಸ್ಸು ತಿರುಗಿಸಿದ್ದು ಕಾನೂನಲ್ಲ. ನಾನು ಶಾಮಿಯಾನದ ಉದಾಹರಣೆ ಕೊಟ್ಟೆ: "ಮಾಮಾ, ನಾಲ್ಕ ಕಂಬಾ ನಿಲ್ಲಿಸಿ ಮ್ಯಾಲಿನ ಅಡ್ಡಗಳಾ, ಹಗ್ಗಾ ತೆಗದ್ರ ಏನಾಗ್ತೈತಿ?" ಮಾವ ಒಂದು ಕ್ಷಣ ಸುಮ್ಮನಿದ್ದರು. ಮೂವತ್ತು ವರ್ಷ ಶಾಮಿಯಾನ ಕಟ್ಟಿದ ಮನುಷ್ಯ. "ಕಂಬಾ ಒಂದೊಂದು ಒಂದೊಂದು ಕಡೆ ಬೀಳ್ತಾವ" ಅಂದರು. ಅಡ್ವಾನ್ಸ್ ದುಡ್ಡು ಜೇಬಿನಲ್ಲೇ ಉಳಿಯಿತು.

ಅವರು ಕೊನೆಗೆ ತಗೊಂಡದ್ದು ಒಂದು ಹಳೇ ಮಹೀಂದ್ರಾ ಜೀಪು. ಮೇಲೆ ಟಾರ್ಪಾಲಿನ್, ಕೆಳಗೆ ಏಣಿ ಚಾಸಿಸ್, ಕಂಪನಿಯಿಂದಲೇ ತೆರೆದ ಗಾಡಿಯಾಗಿ ಹುಟ್ಟಿದ್ದು. ಪದ್ಮಿನಿಯಷ್ಟು ಚೆಂದ ಕಾಣೋದಿಲ್ಲ ಅಂತ ಅತ್ತೆಗೆ ಈಗಲೂ ಬೇಜಾರು. ಆ ಬಿಳಿ ಪದ್ಮಿನಿ ಬೇರೆ ಯಾರಿಗೋ ಮಾರಾಟವಾಯಿತು ಅಂತ ಕೇಳಿದೆ. ಈ ಸೀಸನ್ನಿನಲ್ಲೂ ಎಲ್ಲೋ ಓಡುತ್ತಿರುತ್ತೆ.

ಇದನ್ನು ಬೆಂಗಳೂರಿನ ಗೆಳೆಯರಿಗೆ ಹೇಳಿದಾಗ ಅವರು ನಕ್ಕು, ಹಳ್ಳಿ ಕಡೆಯ ಜುಗಾಡ್ ಬಿಡಪ್ಪ ಅಂದರು. ಹಾಗಲ್ಲ. ಹಳೇ ಕಾರು ಕೊಂಡು ರೆಸ್ಟೋರ್ ಮಾಡಿಸುವ ಆಸೆ ಈಗ ನಮ್ಮ ವಯಸ್ಸಿನವರಲ್ಲಿ ಜೋರಾಗಿದೆ. ಮೀಟಿಂಗ್ ಬಿಡುವಿನಲ್ಲಿ ಪೇಂಟಿನ ಬಣ್ಣ, ಅಲಾಯ್ ಗಾಲಿ, ಲೆದರ್ ಸೀಟಿನ ಚರ್ಚೆ ನಡೆಯುತ್ತೆ. ಸಿಲ್ ಒಳಗೆ ಏನಿದೆ ಅಂತ ಕೇಳುವವರು ಎಷ್ಟು ಜನ? ಹೊಸರಿತ್ತಿಯ ಬಡಿಗೇರನಿಗೆ ಚಕ್ಕಡಿ ಕೊಳ್ಳಲು ಬಂದ ರೈತ ಮೊದಲು ಕೇಳುತ್ತಿದ್ದದ್ದು ಬಣ್ಣ ಅಲ್ಲ. ಗಾಲಿ ಎತ್ತಿ, ತಿರುಗಿಸಿ, ಹಳಿಯ ಮೇಲೆ ಕೋಲಿನಿಂದ ತಟ್ಟಿ ಸದ್ದು ಕೇಳುತ್ತಿದ್ದ. ಬಿಗಿ ಇದ್ದರೆ ಗಂಟೆಯ ಹಾಗೆ ಠಣ್ ಅನ್ನಬೇಕು.

ಹಳೇ ಕಾರು ಕೊಳ್ಳಲು ಹೋದರೆ ಬಾನೆಟ್ ಆಮೇಲೆ ಎತ್ತಿ. ಮೊದಲು ಸ್ನೇಹಿತರನ್ನು ಹತ್ತಿಸಿ, ಬಾಗಿಲು ತೆಗೆದು ಹಾಕಿ ನೋಡಿ.